ತಾಂಡಿಯ ಊರಿನ ಬೆಳವ

ಕಳೆದ ನವೆಂಬರಿನಲ್ಲಿ ಗೆಳತಿಯೊಬ್ಬಳ ಹೊಸ ಮನೆಯ ಪೂಜೆಗೆಂದು ಮೆಲ್ಬರ್ನಿನಿಂದ ಸಿಡ್ನಿಗೆ ಹೋಗಿದ್ದೆ. ಟೂಂಗಾಬಿ ಸ್ಟೇಷನ್ನಿನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಬೆಳಗಿನಿಂದ ಕಾದಿದ್ದ ಪ್ಲಾಟ್‌ಫಾರ್ಮಿನ ಮೇಲೆ ಆಗಷ್ಟೇ ನಾಲ್ಕು ಹನಿ ಬಿದ್ದು ನಿಂತಿತ್ತು. ಬಿಸಿ ಕಾಂಕ್ರೀಟು, ನೀಲಗಿರಿ ಎಲೆ, ಧೂಳು ಮೂರೂ ಕಲೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಕರೆದೊಯ್ಯಲು ಬಂದಿದ್ದ ಗೆಳತಿ ಹೊರಗಿನಿಂದ ಎರಡು ಸಲ ಫೋನ್ ಮಾಡಿದಳು. ನಾನು ತಂತಿಯ ಮೇಲೆ ಕೂತಿದ್ದ ಚುಕ್ಕೆ ಕತ್ತಿನ ಬೆಳವವನ್ನು ನೋಡುತ್ತ, ಅದು ಯಾವಾಗ ಕೂಗೀತೆಂದು ಕಾಯುತ್ತಿದ್ದೆ. ಕೂಗಿತು. ಪಕ್ಕದಲ್ಲಿ ತಾಂಡಿ ನಿಂತು “ಇದಲ್ಲ” ಅಂದ ಹಾಗಾಯಿತು.

2006 ಮುಗಿದು 2007 ಹುಟ್ಟಿದ ಆ ಬೇಸಿಗೆಯಲ್ಲಿ ನಾವು ಮೂವರು ಮೂರು ಊರಲ್ಲಿದ್ದೆವು. ನಾನು ಸಿಡ್ನಿಯಲ್ಲಿ ಅಕೌಂಟಿಂಗ್ ಓದುತ್ತಿದ್ದೆ. ಗಂಡ ಪ್ರಕಾಶ್‌ಗೆ ಸಿಡ್ನಿಯಲ್ಲಿ ಕೆಲಸ ಸಿಗದೆ ಮೆಲ್ಬರ್ನಿನ ಒಂದು ಗೋದಾಮಿನಲ್ಲಿ ಸಿಕ್ಕಿತ್ತು. ಅಲ್ಲಿ ನಾಲ್ಕು ಜನರ ಜೊತೆ ಒಂದು ಮನೆಯಲ್ಲಿದ್ದ. ಮಗಳು ಸಿರಿ ಗದಗಿನಲ್ಲಿ, ನನ್ನ ಅಕ್ಕ ಗಿರಿಜಕ್ಕನ ಹತ್ತಿರ. ನನ್ನ ಓದು ಮುಗಿದು, ಇಲ್ಲಿ ಕಾಯಂ ಆಗಿ ಇರಲು ಬೇಕಾದ ಪಿಆರ್ ಸಿಕ್ಕಿದ ಮೇಲೆ ಮಗಳನ್ನು ಕರೆಸಿಕೊಳ್ಳುವುದೆಂದು ಎಲ್ಲರೂ ಕೂತು ಮಾತಾಡಿಯೇ ನಿರ್ಧರಿಸಿದ್ದೆವು. ನಾನು ವಿಮಾನ ಹತ್ತಿದಾಗ ಅವಳು ಆಗಷ್ಟೇ ಹೆಜ್ಜೆ ಹಾಕಲು ಕಲಿತಿದ್ದಳು. ಆ ಬೇಸಿಗೆಯ ಹೊತ್ತಿಗೆ ಓಡುತ್ತಾಳೆ, ಹಾಡುತ್ತಾಳೆ, ಪಕ್ಕದ ಮನೆಯ ಎಮ್ಮೆಗೆ ಬೈಯುತ್ತಾಳೆ ಎಂಬ ಸುದ್ದಿಯೆಲ್ಲ ನನಗೆ ಫೋನಿನಲ್ಲಿ ಬರುತ್ತಿತ್ತು.

ತಾಂಡಿ ಟೂಂಗಾಬಿಯಲ್ಲಿ ನನ್ನ ಮನೆಯ ಕೆಳಗಿನ ಯೂನಿಟ್ಟಿನವಳು. ಪೂರ್ತಿ ಹೆಸರು ತಾಂಡಿವೆ. ಜಿಂಬಾಬ್ವೆಯ ಬುಲವಾಯೊ ಪಟ್ಟಣದಿಂದ ದಕ್ಷಿಣಕ್ಕೆ ಬಹಳ ದೂರದ ಒಂದು ಹಳ್ಳಿಯವಳು. ವಯಸ್ಸು ಐವತ್ತರ ಹತ್ತಿರ, ಎತ್ತರದ ಆಳು, ನಡಿಗೆ ನಿಧಾನ. ನಾನು ವಾರದಲ್ಲಿ ಕೆಲವು ದಿನ ಕೆಲಸ ಮಾಡುತ್ತಿದ್ದ ವೃದ್ಧರ ಮನೆಯಲ್ಲೇ ಅವಳೂ ಇದ್ದಳು. ಅಲ್ಲಿನ ಮುದುಕಿಯರಿಗೆ ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಉಣ್ಣಿಸುವುದು ನಮ್ಮ ಕೆಲಸ. ನನಗೆ ಆ ಕೆಲಸ ಕಲಿಸಿಕೊಟ್ಟವಳು ಅವಳೇ. ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದೆವು. ಮಾತೆಲ್ಲ ಇಂಗ್ಲಿಷಿನಲ್ಲಿ, ಅವಳದು ಚರ್ಚ್ ಶಾಲೆಯ ಇಂಗ್ಲಿಷು, ನನ್ನದು ಗದಗಿನ ಇಂಗ್ಲಿಷು.

ಆ ವರ್ಷ ಮಳೆ ಕೈಕೊಟ್ಟಿತ್ತು. ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವ ಹಾಗಿರಲಿಲ್ಲ. ಮನೆಗಳ ಮುಂದಿನ ಹುಲ್ಲು ಒಣಗಿ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಪಶ್ಚಿಮದಿಂದ ಒಲೆಯ ಬಾಯಿ ತೆರೆದಂತೆ ಗಾಳಿ ಬೀಸುತ್ತಿತ್ತು. ಅಂಥ ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ತಂತಿಯ ಮೇಲೆ ಬೆಳವ ಕೂಗಿತು. ನಮ್ಮ ಹೊಲದಲ್ಲೂ ಇಂಥದೇ ಹಕ್ಕಿ ಕೂಗುತ್ತದೆ, ನಾವು ಬೆಳವ ಅನ್ನುತ್ತೇವೆ ಎಂದು ನಾನು ಹೇಳಿದೆ. ತಾಂಡಿ ತಲೆ ಓರೆಮಾಡಿ ಸ್ವಲ್ಪ ಹೊತ್ತು ಕೇಳಿದಳು.

“ಇದಲ್ಲ,” ಅಂದಳು. “ಇದು ಅರ್ಧಕ್ಕೇ ನಿಲ್ಲಿಸಿಬಿಡ್ತದೆ. ನಮ್ಮೂರಿನದು ಕೊನೆತನಕ ಹೇಳ್ತದೆ.”

ಅವಳ ಊರಿನ ಬೆಳವದ ಕಥೆ ಆ ದಿನ ಬಸ್ಸಿನಲ್ಲಿ ಶುರುವಾಯಿತು. ನಮ್ಮ ಬೆಳವಕ್ಕಿಂತಲೂ ಚಿಕ್ಕದಂತೆ, ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು. ಮೈ ಒಣಮಣ್ಣಿನ ಬಣ್ಣ. ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿರುವಂತೆ ಕಾಣುತ್ತದೆ, ಆದರೆ ಅದು ಹೊರಳಿ ಬಿಸಿಲು ತಾಗಿದ ಕ್ಷಣ ಆ ಚುಕ್ಕೆಗಳು ಪಚ್ಚೆಯ ಹಾಗೆ ಹೊಳೆಯುತ್ತವೆ. ಮುಳ್ಳುಮರಗಳ ನಡುವಿನ ಒಣಹುಲ್ಲಿನಲ್ಲಿ ಬೀಜ ಹೆಕ್ಕುತ್ತದೆ. ಹತ್ತಿರ ಹೋದರೆ ಪಟ್ಟನೆ ಏಳುತ್ತದೆ, ಆಗ ರೆಕ್ಕೆಯ ಒಳಗಡೆ ಇಟ್ಟಿಗೆಯ ಕೆಂಪು. ಎಲ್ಲ ಹಕ್ಕಿಗಳೂ ಬಾಯಿ ಮುಚ್ಚಿಕೊಳ್ಳುವ ನಡುಮಧ್ಯಾಹ್ನವೂ ಅದು ಕೂಗುತ್ತದೆ. ಮೊದಲು ಹೇಳಲೋ ಬೇಡವೋ ಎಂಬಂತೆ ಒಂದೊಂದೇ ಸದ್ದು. ಆಮೇಲೆ ಮಾತು ಇಳಿಯುತ್ತ ಇಳಿಯುತ್ತ, ಒಂದರ ಮೇಲೊಂದು ಬಿದ್ದು, ಕೊನೆಗೆ ಎದೆ ಬಡಿತದ ಹಾಗೆ ಆಗಿ ಆರಿಹೋಗುತ್ತದೆ. ಅವಳ ಕಡೆಯ ಜನ ಅದಕ್ಕೊಂದು ಅರ್ಥ ಕಟ್ಟಿದ್ದಾರೆ. ಅಮ್ಮ ಹೋದಳು, ಅಪ್ಪ ಹೋದ, ನನ್ನವರೆಲ್ಲ ಹೋದರು ಎಂದು ಅದು ಅಳುತ್ತದಂತೆ. ಕೊನೆಯಲ್ಲಿ ಕೇಳುವುದು ಒಂಟಿಯಾಗಿ ಉಳಿದ ಅದರ ಎದೆಯ ಸದ್ದಂತೆ.

ಒಮ್ಮೆ ಕೂಗಿ ತೋರಿಸು ಎಂದು ಕೇಳಿದೆ. ತಾಂಡಿ ಆಗದೆಂದು ತಲೆಯಾಡಿಸಿದಳು. ಚಿಕ್ಕವರಿದ್ದಾಗ ಅದನ್ನು ಅಣಕಿಸಿದರೆ ಅವಳ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದಳಂತೆ. ಅಮ್ಮ ಬದುಕಿರುವ ಮಕ್ಕಳ ಬಾಯಲ್ಲಿ ಆ ಮಾತು ಬರಬಾರದೆಂದು ಅಜ್ಜಿಯ ಕಟ್ಟಪ್ಪಣೆ. ತಾಂಡಿಯ ಅಮ್ಮ ಇನ್ನೂ ಇದ್ದಳು. ಆಡು ಮೇಯಿಸಿಕೊಂಡು, ಕಣ್ಣು ಮಂಜಾದರೂ ಯಾರ ಮಾತನ್ನೂ ಕೇಳದೆ ಬಾವಿಗೆ ತಾನೇ ಹೋಗುತ್ತಿದ್ದಳಂತೆ. ತಾಂಡಿ ಅವಳನ್ನು ನೋಡಿ ಏಳು ವರ್ಷವಾಗಿತ್ತು. ಅವಳ ವೀಸಾದ ವಿಷಯ ಎಲ್ಲೋ ಒಂದು ಮೇಜಿನ ಮೇಲೆ ತೀರ್ಮಾನವಾಗದೆ ಬಿದ್ದಿತ್ತು. ಈ ದೇಶ ಬಿಟ್ಟು ಹೊರಗೆ ಹೋದರೆ ತಿರುಗಿ ಬರಲಾಗುವುದು ಅನುಮಾನ, ಹೋಗಬೇಡ ಎಂದು ವಕೀಲರು ಹೇಳಿದ್ದರು. ಅವಳು ಕಳಿಸುವ ಸಂಬಳದ ಮೇಲೆ ಊರಿನಲ್ಲಿ ಇಡೀ ಮನೆ ನಿಂತಿತ್ತು. ಹಾಗಾಗಿ ಹೋಗಲಿಲ್ಲ.

ನಾನಂತೂ ಸಿರಿಯ ಧ್ವನಿಗಾಗಿ ಬದುಕುತ್ತಿದ್ದೆ. ಇಂಡಿಯನ್ ಅಂಗಡಿಯಿಂದ ಫೋನ್ ಕಾರ್ಡ್ ತಂದು, ಉದ್ದದ ನಂಬರ್ ಒತ್ತಿ, ಗದಗಿನ ಮನೆಯಲ್ಲಿ ರಿಂಗಾಗುವವರೆಗೆ ಉಸಿರು ಹಿಡಿದುಕೊಳ್ಳುತ್ತಿದ್ದೆ. ಮೊದಮೊದಲು ಸಿರಿ ಫೋನಿಗೆ ಮುತ್ತು ಕೊಡುತ್ತಿದ್ದಳು. ಆ ಬೇಸಿಗೆಯಲ್ಲಿ ಬರುವುದನ್ನೇ ಬಿಟ್ಟಳು. ಗಿರಿಜಕ್ಕ ಆ ಕಡೆಯಿಂದ “ಬಾರವಾ, ನಿಮ್ಮವ್ವ ಅದಾಳ, ಒಂದ್ ಮಾತಾಡು” ಎಂದು ರಮಿಸುವುದು ಕೇಳುತ್ತಿತ್ತು. ಒಂದು ದಿನ ಸಿರಿಯ ಉತ್ತರವೂ ಕೇಳಿತು. “ಅಕಿ ಫೋನ್ ಅವ್ವ. ನಮ್ಮವ್ವ ನೀನು.” ಗಿರಿಜಕ್ಕ ಕೂಡಲೇ ಬೇರೆ ಮಾತು ತೆಗೆದಳು, ಹೋಳಿಗೆ ಮಾಡಿದ್ದನ್ನೋ ಏನನ್ನೋ ಹೇಳಿದಳು. ನಾನೂ ಕೇಳದವಳ ಹಾಗೆ ಮಾತಾಡಿದೆ. ಕಾರ್ಡ್ ಮುಗಿಯುವವರೆಗೂ ಇಬ್ಬರೂ ಹೋಳಿಗೆಯ ಬಗ್ಗೆಯೇ ಮಾತಾಡಿದೆವು.

ಡಿಸೆಂಬರಿನಲ್ಲಿ ತಾಂಡಿಗೆ ಏನಾದರೂ ಕೊಡಬೇಕೆನಿಸಿತು. ನಮ್ಮ ಸಬರ್ಬಿನ ಲೈಬ್ರರಿಯಲ್ಲಿ ಕೇಳಿದಾಗ, ಆಫ್ರಿಕಾದ ಹಕ್ಕಿಗಳ ಕೂಗಿನ ಸಿಡಿ ಬೇರೆ ಯಾವುದೋ ಲೈಬ್ರರಿಯಲ್ಲಿದೆ, ತರಿಸಿಕೊಡುತ್ತೇವೆ ಎಂದರು. ಬಂದಾಗ ಕ್ರಿಸ್ಮಸ್‌ಗೆ ಇನ್ನೇನು ಒಂದು ವಾರವಿತ್ತು. ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತು ಸಿಡಿ ಹಾಕಿದೆ. ಒಂದೊಂದು ಹಕ್ಕಿ ದಾಟುತ್ತ ಹೋಗಿ ತಾಂಡಿಯ ಊರಿನ ಬೆಳವ ಬಂತು. ಅದನ್ನು ನಾನು ಕೇಳಿದ್ದು ಅದೇ ಮೊದಲು. ಮೊದಲ ಎರಡು ಮೂರು ಸದ್ದುಗಳ ನಡುವಿನ ಮೌನ ಎಷ್ಟು ಉದ್ದವಿತ್ತೆಂದರೆ ಸಿಡಿ ಕೆಟ್ಟಿದೆಯೇನೋ ಅಂದುಕೊಂಡೆ.

ಕೂಗು ಇಳಿಯಲು ಶುರುವಾಗುವ ಮೊದಲೇ ತಾಂಡಿ ಕೈ ಚಾಚಿ ಆರಿಸಿದಳು.

“ಹಕ್ಕಿ ಸರಿಯಾಗೇ ಇದೆ,” ಅಂದಳು. “ಆದ್ರೆ ಅದರ ಹಿಂದೆ ಏನೂ ಇಲ್ಲ. ಆಡಿನ ಗಂಟೆ ಇಲ್ಲ, ಅಮ್ಮ ಬೈಯೋದು ಇಲ್ಲ. ಯಾರೋ ಊರನ್ನೆಲ್ಲ ಒರೆಸಿ ಹಕ್ಕಿ ಒಂದನ್ನೇ ಉಳಿಸಿದ ಹಾಗಿದೆ.”

ನಾನು ಪೆಚ್ಚಾದೆ. ಅವಳು ನನ್ನ ಕೈ ತಟ್ಟಿ, ಹುಡುಕಿ ತಂದೆಯಲ್ಲ, ಅದೇ ದೊಡ್ಡದು ಎಂದು ಚಹಾ ಮಾಡಿಕೊಟ್ಟಳು. ಸಿಡಿಯನ್ನು ಮರುದಿನ ವಾಪಸ್ ಕೊಟ್ಟೆ.

ಜನವರಿ ಕೊನೆಯಲ್ಲಿ ಅವಳ ಅಮ್ಮ ತೀರಿಕೊಂಡಳು. ಬಾವಿಯಿಂದ ಬಂದು ನೆರಳಿಗೆ ಕೂತವಳು ಏಳಲಿಲ್ಲವಂತೆ. ಸುದ್ದಿ ಬಂದಾಗ ತಾಂಡಿ ಕೆಲಸದಲ್ಲಿದ್ದಳು. ಒಬ್ಬ ಮುದುಕಿಯ ತಲೆ ಬಾಚುತ್ತಿದ್ದಳು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಆ ಜಡೆ ಹೆಣೆದು ಮುಗಿಸಿ, ಕ್ಲಿಪ್ ಹಾಕಿ, ಆಮೇಲೆ ನನ್ನ ಹತ್ತಿರ ಬಂದು ಹೇಳಿದಳು. ಹೋಗಿ ಬರಲಾಗದೇ ಎಂದು ವಕೀಲರಿಗೆ ಮತ್ತೆ ಫೋನ್ ಮಾಡಿದಳು. ಉತ್ತರ ಮೊದಲಿನದೇ.

ಊರಿನಲ್ಲಿ ಮಣ್ಣು ಮಾಡುವ ದಿನ ಇಲ್ಲಿ ಅವಳ ಯೂನಿಟ್ಟಿನಲ್ಲಿ ಅವರ ಕಡೆಯ ಜನ ಸೇರಿದರು. ಬ್ಲ್ಯಾಕ್‌ಟೌನಿನಿಂದ, ಇನ್ನೂ ಎಲ್ಲೆಲ್ಲಿಂದಲೋ ಬಂದವರು. ಕುರ್ಚಿ ಸಾಲದೆ ಮೆಟ್ಟಿಲ ಮೇಲೆಲ್ಲ ಕೂತು ಹಾಡಿದರು. ನಮ್ಮ ಕಡೆ ಸಾವಾದ ಮನೆಗೆ ಬುತ್ತಿ ಒಯ್ಯುತ್ತೇವೆ; ನನಗೆ ತಿಳಿದದ್ದು ಅದೊಂದೇ. ಚಪಾತಿ, ಹೆಸರುಕಾಳಿನ ಪಲ್ಯ, ಮೊಸರನ್ನ ಮಾಡಿ ಒಯ್ದೆ. ಯಾರೂ ಯಾಕೆಂದು ಕೇಳಲಿಲ್ಲ. ಒಬ್ಬ ಹೆಂಗಸು ಪಾತ್ರೆ ಇಸಿದುಕೊಂಡು ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಅಲ್ಲಿ ಮಣ್ಣು ಹಾಕುವ ಹೊತ್ತಿಗೆ ಇಲ್ಲಿ ಸಂಜೆ. ತಾಂಡಿ ಎದ್ದು ನಿಂತಳು, ಎಲ್ಲರೂ ನಿಂತರು. ನನಗೆ ನನ್ನ ಅವ್ವನ ನೆನಪಾಯಿತು. ನನ್ನ ಮದುವೆಗೆ ಮುಂಚೆಯೇ ಹೋದವಳು. ಅವಳ ಬಾಯಿಗೆ ಕೊನೆಯ ನೀರು ಬಿಡಲು ನಾನು ಹತ್ತಿರವಿದ್ದೆ. ಅದೂ ಒಂದು ಭಾಗ್ಯವೆಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಹಿತ್ತಲಿನಲ್ಲಿ ತಾಂಡಿ ಕೆಲಸದ ಬಟ್ಟೆಗಳನ್ನು ತಂತಿಗೆ ಹಾಕುತ್ತಿದ್ದಳು. ನಾನು ಮೇಲಿನ ಬಾಲ್ಕನಿಯಲ್ಲಿದ್ದೆ. ಕೈಯಲ್ಲಿ ಒದ್ದೆ ಅಂಗಿ ಹಿಡಿದವಳು ಹಾಗೇ ನಿಂತು ಕೂಗಿದಳು. ಬಾಯಿ ತೆರೆಯಲಿಲ್ಲ, ಸದ್ದು ಗಂಟಲಿನ ಕೆಳಗಿನಿಂದ ಬಂತು. ಒಂದು. ಬಹಳ ಹೊತ್ತಿನ ಮೇಲೆ ಇನ್ನೊಂದು. ಸಿಡಿಯಲ್ಲಿ ಕೇಳದೆ ಬಿಟ್ಟಿದ್ದನ್ನು ನಾನು ಆಗ ಕೇಳಿದೆ. ಆ ಇಳಿಜಾರು, ಒಂದನ್ನೊಂದು ತಳ್ಳುತ್ತ ಓಡುವ ಸದ್ದುಗಳು, ಕೊನೆಗೆ ಬರೀ ಬಡಿತ. ಮುಗಿದ ಮೇಲೆ ಅಂಗಿಯನ್ನು ಕೊಡವಿ ತಂತಿಗೆ ಹಾಕಿದಳು. ಬಹುಶಃ ನಾನು ಇದ್ದದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

“ಇನ್ನು ಕೂಗಬಹುದು,” ಎಂದು ತಲೆಯೆತ್ತದೆ ಹೇಳಿದಳು. ಆಮೇಲೆ ಕೇಳಿದಳು, “ನಿನ್ನ ಮಗಳು ನಿನ್ನ ಏನಂತ ಕರೀತಾಳೆ?”

ಫೋನ್ ಅವ್ವ ಎಂದೆ. ಅದರ ಅರ್ಥವನ್ನೂ ಬಿಡಿಸಿ ಹೇಳಿದೆ.

ತಾಂಡಿ ಮೆಟ್ಟಿಲು ಹತ್ತಿ ಮೇಲೆ ಬಂದಳು. ನನ್ನ ಎದುರು ನಿಂತು ಅಂದಳು, “ನನ್ನ ದಾರಿ ಮುಚ್ಚಿದೆ, ಅದಕ್ಕೆ ಇಲ್ಲಿ ನಿಂತಿದೀನಿ. ನಿನ್ನ ದಾರಿಗೆ ಯಾರು ಅಡ್ಡ ನಿಂತಿದಾರೆ?”

ಅವತ್ತು ಸಂಜೆ ದಕ್ಷಿಣದ ತಂಪುಗಾಳಿ ಬೀಸಿ, ನಾಲ್ಕು ಹನಿ ಬಿದ್ದು, ಊರೆಲ್ಲ ಆ ವಾಸನೆ ತುಂಬಿತು. ಪ್ರಕಾಶನಿಗೆ ಫೋನ್ ಮಾಡಿ, ಸಿರಿಯನ್ನು ಈಗಲೇ ಕರಕೊಂಡು ಬರ್ತೀನಿ ಎಂದೆ. ಅವನು ಸಮಾಧಾನವಾಗಿಯೇ ಕಷ್ಟಗಳನ್ನು ಹೇಳಿದ. ಮಗು ಬಂದರೆ ನಾನು ಸಿಡ್ನಿಯಲ್ಲಿ ಒಬ್ಬಳೇ ಇರಲಾಗದು, ಮೆಲ್ಬರ್ನಿನ ಕಾಲೇಜಿಗೆ ಬದಲಾಯಿಸಬೇಕು, ಓದು ಹಿಂದೆ ಬೀಳುತ್ತದೆ, ಅಷ್ಟರಲ್ಲಿ ಪಿಆರ್ ನಿಯಮ ಬದಲಾದರೆ ಎಲ್ಲ ನೀರಿನಲ್ಲಿ ಹೋಮ. ಯಾವುದೂ ಸುಳ್ಳಲ್ಲ. ಎಲ್ಲ ಕೇಳಿ ನಾನು ಸಿರಿ ಗಿರಿಜಕ್ಕನಿಗೆ ಹೇಳಿದ್ದ ಮಾತನ್ನು ಹೇಳಿದೆ. ಅಲ್ಲಿಯವರೆಗೆ ಅವನಿಗೆ ಹೇಳಿರಲಿಲ್ಲ. “ಹೋಗಿ ಬಾ. ಇಲ್ಲಿ ನಾ ಒಂದು ಮನಿ ನೋಡತೀನಿ,” ಅಂದ.

ಗದಗಿನಲ್ಲಿ ಬಾಗಿಲಿಗೆ ಬಂದ ಸಿರಿ ನನ್ನನ್ನು ನೋಡಿ ಗಿರಿಜಕ್ಕನ ಸೀರೆಯ ಹಿಂದೆ ಸರಿದಳು. ಅವಳಿಗೆ ನನ್ನ ಮೂಗು, ಪ್ರಕಾಶನ ಹಣೆ. ನಾನು ಮಂಡಿಯೂರಿ ಕೂತು ಕೈ ಚಾಚಿದೆ. ಅವಳು ಅಕ್ಕನ ಮುಖ ನೋಡಿ, “ಈ ಆಂಟಿ ಯಾವಾಗ ಹೋಗತಾರ?” ಎಂದು ಕೇಳಿದಳು.

ನಾನು ಅವಸರ ಮಾಡಲಿಲ್ಲ. ಅವಳಿಗೆ ನೀರು ಹಾಕುವುದು, ಉಣ್ಣಿಸುವುದು ಎಲ್ಲ ಅಕ್ಕನೇ ಮಾಡಿದಳು. ನಾನು ದೂರ ಕೂತು ನೋಡಿದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಹಿತ್ತಲ ಕಟ್ಟೆಯ ಮೇಲೆ ಕೂರುತ್ತಿದ್ದೆ. ಜಾಲಿಯ ಮೇಲೆ ನಮ್ಮ ಬೆಳವ ಕೂಗುತ್ತಿತ್ತು, ಚಿಕ್ಕಂದಿನಿಂದ ಕೇಳಿದ್ದೇ. ತಾಂಡಿ ಹೇಳಿದ್ದು ನಿಜ, ಇದೂ ಅರ್ಧಕ್ಕೇ ನಿಲ್ಲಿಸುತ್ತಿತ್ತು. ಉಳಿದರ್ಧವನ್ನು ನಾನು ಗಂಟಲಲ್ಲೇ ಕೂಗಿ ನೋಡಿದೆ. ಅವ್ವ ಇಲ್ಲದವಳಿಗೆ ಅಜ್ಜಿಯ ಗುದ್ದಿನ ಭಯವೇನು? ನನ್ನದು ಕೆಟ್ಟ ಅನುಕರಣೆ, ಕೊನೆಯಲ್ಲಿ ಉಸಿರು ಸಾಲುತ್ತಿರಲಿಲ್ಲ. ಮೂರನೆಯ ಸಲವೋ ನಾಲ್ಕನೆಯ ಸಲವೋ ಬೆನ್ನ ಹಿಂದೆ ಯಾರೋ ನಿಂತಂತಾಯಿತು.

“ಅದು ಯಾವ ಹಕ್ಕಿ?”

ನನ್ನನ್ನೇ ಕೇಳಿದ ಅವಳ ಮೊದಲ ಮಾತು ಅದು. ತಿರುಗಿ ನೋಡಿದರೆ ಓಡಿಹೋದಾಳೆಂದು ನಾನು ಜಾಲಿಯನ್ನೇ ನೋಡುತ್ತ, ಬಹಳ ದೂರದ್ದು, ರೆಕ್ಕೆಯ ಮೇಲೆ ಹಸಿರು ಹರಳು ಇರ್ತಾವ ಎಂದು ಹೇಳಿದೆ. ಮತ್ತೊಮ್ಮೆ ಕೂಗು ಅಂದಳು. ಕೂಗಿದೆ. ಕಟ್ಟೆ ಹತ್ತಿ ನನ್ನಿಂದ ಒಂದು ಗೇಣು ದೂರದಲ್ಲಿ ಕೂತಳು. ಮರುದಿನ ಆ ಗೇಣೂ ಇರಲಿಲ್ಲ.

ಗಿರಿಜಕ್ಕ ಒಳಗಿನಿಂದ ನೋಡುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಾವು ಹೊರಡುವ ದಿನ ಸಿರಿಗೆ ಎಣ್ಣೆ ಹಚ್ಚಿ ಎರೆದಳು, ಕಾಡಿಗೆ ಹಚ್ಚಿದಳು, ಯಾವ ಅಂಗಿ ಯಾವಾಗ ಹಾಕಬೇಕೆಂದು ನನಗೆ ಹೇಳಿಕೊಟ್ಟಳು. ರಾತ್ರಿ ಅಳ್ತಾಳ, ಬೆನ್ನ ಮೇಲೆ ಕೈಯಾಡಿಸಿದ್ರ ಸುಮ್ನಾಗ್ತಾಳ ಅಂದಳು. ಸ್ಟೇಷನ್ನಿಗೆ ಬರಲಿಲ್ಲ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುವುದಿದೆ ಎಂದು ಹತ್ತಿ ಹೋದಳು. ಆಟೋ ತಿರುವಿನಲ್ಲಿ ಹೊರಳುವಾಗ ನೋಡಿದೆ. ಮಾಳಿಗೆಯ ಮೇಲೆ ಅವಳು ಬರಿಗೈಯಲ್ಲಿ ನಿಂತಿದ್ದಳು. ಮೆಲ್ಬರ್ನಿನ ಮೊದಲ ಚಳಿಗಾಲವೆಲ್ಲ ಸಿರಿ ನಿದ್ದೆಯಲ್ಲಿ ಅವ್ವಾ ಎಂದು ಅತ್ತಾಗ, ನಾನು ಬೆನ್ನ ಮೇಲೆ ಕೈಯಾಡಿಸುತ್ತ, ಅವಳು ಕರೆಯುತ್ತಿರುವುದು ನನ್ನನ್ನಲ್ಲ ಎಂದು ತಿಳಿದೇ ಓಗೊಡುತ್ತಿದ್ದೆ.

ತಾಂಡಿ ಟೂಂಗಾಬಿಯಲ್ಲೇ ಉಳಿದಳು. ಭಾನುವಾರ ಫೋನ್ ಮಾಡುತ್ತಿದ್ದಳು. ನನ್ನ ಓದು ಅಂದುಕೊಂಡದ್ದಕ್ಕಿಂತ ತಡವಾಗಿ ಮುಗಿಯಿತು, ಪಿಆರ್ ಇನ್ನೂ ತಡವಾಗಿ ಬಂತು, ಆದರೆ ಬಂತು. ನಾವು ಮೆಲ್ಬರ್ನಿನ ಅಂಚಿನ ಟಾರ್ನೀಟಿಗೆ ಬಂದೆವು. ಆಗ ಅಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು. ಬೇಲಿಯ ಆಚೆ ಮೊಣಕಾಲೆತ್ತರದ ಒಣಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಇದನ್ನು ನೀನು ನೋಡಬೇಕು ಎಂದು ತಾಂಡಿಗೆ ಹೇಳುತ್ತಿದ್ದೆ. ಬರ್ತೀನಿ, ಮೊದಲು ಒಂದು ಕಡೆ ಹೋಗೋದಿದೆ ಎನ್ನುತ್ತಿದ್ದಳು.

2009ರಲ್ಲಿ ಅವಳ ವೀಸಾದ ತೀರ್ಮಾನವೂ ಆಯಿತು. ಟಿಕೆಟ್ ಬುಕ್ ಮಾಡಿದ ದಿನ ಫೋನಿನಲ್ಲಿ ಬರೀ ನಕ್ಕಳು. ಊರು ಮುಟ್ಟಿದ ಮೇಲೆ, ನಮ್ಮಲ್ಲಿ ಸಂಜೆ ಆರರ ಹೊತ್ತಿಗೆ, ಸೋದರಳಿಯನ ಮೊಬೈಲಿನಿಂದ ಒಂದು ಮಿಸ್ಡ್ ಕಾಲ್ ಬಂತು. ನಾನು ಕಾರ್ಡ್ ಹಾಕಿ ತಿರುಗಿ ಮಾಡಿದೆ. ಸಿರಿಯೂ ಕಿವಿಗೊಡಲೆಂದು ಸ್ಪೀಕರ್ ಹಾಕಿದೆ. ಆಗ ಅವಳು ಶಾಲೆಗೆ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ.

ತಾಂಡಿ ಅಮ್ಮನ ಗೋರಿಯ ಹತ್ತಿರ ಇದ್ದಳು. ಸುತ್ತ ಕಲ್ಲು ಜೋಡಿಸಿದ್ದಾರೆ, ಚೆನ್ನಾಗಿ ನೋಡಿಕೊಂಡಿದ್ದಾರೆ ಅಂದಳು. ಯಾರಿಗೋ ತನ್ನ ಭಾಷೆಯಲ್ಲಿ ಏನೋ ಹೇಳಿ ನಕ್ಕಳು. ಅಷ್ಟು ವರ್ಷದ ಗೆಳೆತನದಲ್ಲೂ ಆ ನಗು ನಾನು ಕೇಳಿರಲಿಲ್ಲ. ಆಮೇಲೆ ಧ್ವನಿ ತಗ್ಗಿಸಿ, “ಬೆಳಗಿನಿಂದ ಕೂಗ್ತಾ ಇದೆ. ಇಲ್ಲೇ, ತಲೆ ಮೇಲೆ. ಸುಮ್ಮನಿರಿ, ಕೇಳಿ,” ಅಂದಳು.

ಫೋನನ್ನು ಮೇಲೆ ಹಿಡಿದಿರಬೇಕು. ನಾವು ಉಸಿರು ಬಿಗಿಹಿಡಿದು ಕೂತೆವು. ಗಾಳಿಯ ಗೊರಗೊರ ಕೇಳಿತು. ದೂರದಲ್ಲಿ ಒಂದು ಆಡು, ಒಂದು ಹೆಂಗಸಿನ ಕರೆ. ಮತ್ತೆ ಗಾಳಿ. ಅದರಾಚೆಗೆ ಕಿವಿಯನ್ನು ಎಷ್ಟು ಚಾಚಿದರೂ ಇನ್ನೇನೂ ಇರಲಿಲ್ಲ. ಸಿರಿ ನನ್ನ ಮುಖ ನೋಡಿ, ಅಮ್ಮಾ, ಐ ಕಾಂಟ್ ಹಿಯರ್ ಎಂದು ಶುರುಮಾಡಿದಳು. ನಾನು ಅವಳ ಬಾಯಿಯ ಮೇಲೆ ಕೈಯಿಟ್ಟೆ.

“ಕೇಳಿಸ್ತಾ?” ಎಂದು ತಾಂಡಿ ಕೇಳಿದಳು.

“ಕೇಳಿಸ್ತು,” ಅಂದೆ. “ಕೊನೆತನಕ.”